ಓಡದ ಗಾಡಿಗೆ ಬೆಲೆ ಕಟ್ಟುವುದು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಬೆಲೆ ಕಟ್ಟುವುದು ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೂಡಿನಿಂದ ನೂಲು ತೆಗೆಯುವ ರೀಲರು ಲಾಟಿನ ಮುಂದೆ ನಿಂತು ಮೇಲಿನ ಗೂಡುಗಳನ್ನು ಸರಿಸುತ್ತಾನೆ. ಕೈ ರಾಶಿಯ ಅಡಿಗೆ ಹೋಗುತ್ತದೆ. ಅಲ್ಲಿಂದ ಒಂದು ಹಿಡಿ ತೆಗೆದು ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ, ಒಂದೆರಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಕಲೆಯಾದದ್ದು ಎಷ್ಟು, ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು ಎಷ್ಟು ಎಂದು ಕಣ್ಣಲ್ಲೇ ಎಣಿಸುತ್ತಾನೆ. ಆಮೇಲೆ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಂದೀತು ಎಂದಾದರೆ ರೆಂಡಿಟ್ಟಾ 7. ಅವತ್ತಿನ ನೂಲಿನ ರೇಟಿನಲ್ಲಿ ಕೂಲಿ, ಸೌದೆ, ಕರೆಂಟು ಕಳೆದು ಏಳರಿಂದ ಭಾಗಿಸಿದರೆ ಅವನು ಎಲ್ಲಿಯವರೆಗೆ ಕೂಗಬಹುದು ಎಂಬುದು ಗೊತ್ತಾಗುತ್ತದೆ. ಈಗ ಬಾಯಲ್ಲಿ ಕೂಗುವ ಬದಲು ಮೊಬೈಲಿನಲ್ಲಿ ಒತ್ತುತ್ತಾರೆ. ಲೆಕ್ಕ ಮಾತ್ರ ಅದೇ.

ಇದೇ ಊರಿನ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ 2002ರ ಹೋಂಡಾ ಸಿಟಿ ವಿಟೆಕ್ ನಿಂತಿತ್ತು. ಮನೆಯ ಯಜಮಾನರು ಇಷ್ಟಪಟ್ಟು ತಂದ ಗಾಡಿ. ಅವರು ಇದ್ದಾಗಲೇ ಅದು ಹಬ್ಬಕ್ಕೆ, ಮದುವೆಗೆ, ವರ್ಷಕ್ಕೊಮ್ಮೆ ಮೈಸೂರಿಗೆ ಮಾತ್ರ ಹೊರಗೆ ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ಮಗ ತಿಂಗಳಿಗೊಮ್ಮೆ ಸೆಲ್ಫ್ ಹೊಡೆದು ಹತ್ತು ನಿಮಿಷ ಬಿಡುತ್ತಿದ್ದ. ಮಗ ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಅದೂ ನಿಂತಿತು. ಮೀಟರಿನಲ್ಲಿ 29,400 ಕಿಲೋಮೀಟರು. ಮನೆಯಾಕೆಯ ಮನಸ್ಸಿನಲ್ಲಿ ಐದು ಲಕ್ಷ. ನೋಡಿ ಹೋದ ಬ್ರೋಕರ್ ಹೇಳಿದ್ದು ತೊಂಬತ್ತು ಸಾವಿರ. ಇಬ್ಬರೂ ಹೇಳಿದ ಕಾರಣ ಒಂದೇ: "ಗಾಡಿ ಓಡಿಲ್ಲ." ಆಕೆಗೆ ಅದು ಬೆಲೆ ಏರಲು ಕಾರಣ, ಅವನಿಗೆ ಇಳಿಯಲು ಕಾರಣ. ನನ್ನನ್ನು ಈ ಮಾತಿನ ನಡುವೆ ಕರೆದರು. ಆ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಒಂದು ಪದದ ವಿಷಯ. ನಮ್ಮಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದು. ಎಷ್ಟು ದೂರ ಓಡಿದೆ ಎಂಬುದಕ್ಕೆ ನಮ್ಮ ಬಾಯಲ್ಲಿ ಒಂದೇ ಪದವಿಲ್ಲ, "ಎಷ್ಟು ಓಡೈತೆ?" ಎಂದು ಪೂರಾ ವಾಕ್ಯವನ್ನೇ ಕೇಳುತ್ತೇವೆ. ಈ ಪ್ರಶ್ನೆ ನನಗೆ ಇಷ್ಟ, ಏಕೆಂದರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಷ್ಟು ದಿನದಿಂದ ನಿಂತೈತೆ?" ಹಳೆಯ ಗಾಡಿಗೆ ಬೆಲೆ ಕಟ್ಟುವವರು ಮೊದಲನೆಯದನ್ನು ಮಾತ್ರ ಕೇಳಿ ಎದ್ದುಬಿಡುತ್ತಾರೆ. ಎರಡನ್ನೂ ಒಟ್ಟಿಗೆ ಕೇಳದ ಹೊರತು ಸಿಗುವ ಅಂಕಿ ಸುಳ್ಳಾಗುತ್ತದೆ ಎಂಬುದು ನನ್ನ ವಾದ.

ಈ ಸಿಟಿಯನ್ನು ನಾನು ಸ್ಪೋರ್ಟ್ಸ್ ಕಾರು ಎಂದೇ ಎಣಿಸುತ್ತೇನೆ. ನಾಲ್ಕು ಬಾಗಿಲಿನ ಗಾಡಿ ಸ್ಪೋರ್ಟ್ಸ್ ಕಾರು ಹೇಗಾಯಿತು ಎಂದು ಕೇಳಬಹುದು. ಎರಡೇ ಸೀಟಿನ ಬಗ್ಗಿದ ಗಾಡಿಗಳನ್ನು ನಮ್ಮ ಕಡೆ ಬೀದಿಯಲ್ಲಿ ಕಂಡವರು ಕಡಿಮೆ. 2000ದಲ್ಲಿ ಬಂದ ವಿಟೆಕ್‌ಗೆ ಒಂದೂವರೆ ಲೀಟರಿನ ಎಂಜಿನ್, 106 ಎಚ್‌ಪಿ; ಹಗುರವಾದ ಮೈ. 2003ರಲ್ಲಿ ಬಂದ ಹೊಸ ಸಿಟಿ 77 ಎಚ್‌ಪಿಯದು, ಪೆಟ್ರೋಲ್ ಉಳಿಸಲೆಂದು ಮಾಡಿದ್ದು. ಹೀಗಾಗಿ ಹಳೆಯದನ್ನು ಇಷ್ಟಪಟ್ಟವರಿಗೆ ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳ ಸ್ಪೋರ್ಟ್ಸ್ ಕಾರು ಅದು. ಫಿಯೆಟ್ ಪಾಲಿಯೋ 1.6 ಕೂಡ ಅದೇ ಸಾಲಿನದು. ಇಂಥ ಗಾಡಿಯನ್ನು ಕೊಳ್ಳುವವನು ಊರಿಂದ ಊರಿಗೆ ಹೋಗಲು ಮಾತ್ರ ಕೊಳ್ಳುವುದಿಲ್ಲ. ಎಂಜಿನ್ ಮೇಲಕ್ಕೆ ಏರುವಾಗ ಸದ್ದು ಬದಲಾಗುವ ಆ ಘಳಿಗೆಗೂ ಅವನು ದುಡ್ಡು ಕೊಡುತ್ತಾನೆ. ಬೆಲೆಯ ತೊಡಕು ಶುರುವಾಗುವುದೇ ಅಲ್ಲಿಂದ.

ಬಿಡದಿಯ ಪಕ್ಕದ ಒಂದು ಗುಂಟೆಗೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ದರ ಸಿಗುತ್ತದೆ. ಗೂಡಿಗೆ ದಿನದಿನದ ಹರಾಜಿನ ದರ ಇದೆ. ಹಳೆಯ ಕಾರಿಗೆ ಇಂಥ ಆಧಾರ ಯಾವುದೂ ಇಲ್ಲ. ಹೆಸರು ವರ್ಗಾವಣೆಗೆ ತುಂಬುವ ಫಾರಂ 29, ಫಾರಂ 30ರಲ್ಲಿ ಎಷ್ಟಕ್ಕೆ ಮಾರಿದೆ ಎಂದು ಬರೆಯುವ ಜಾಗವೇ ಇಲ್ಲ, ಹಾಗಾಗಿ ಆರ್‌ಟಿಒ ಕಡತದಿಂದ ಬೆಲೆ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಕಾಣುವ ಜಾಹೀರಾತುಗಳಲ್ಲಿ ಇರುವುದು ಕೇಳುವ ಬೆಲೆ. ಕೊಟ್ಟ ಬೆಲೆ ಅಲ್ಲಿ ಎಂದೂ ಬರುವುದಿಲ್ಲ. ವಿಮೆಯವರ ಕೋಷ್ಟಕವಾದರೂ ಇದೆಯಲ್ಲ ಎಂದುಕೊಂಡರೆ ಅದು ಐದನೇ ವರ್ಷಕ್ಕೆ ಕೈಬಿಡುತ್ತದೆ: ಎರಡನೇ ವರ್ಷದಲ್ಲಿ ಶೇ. 20 ಕಡಿತ, ಮೂರನೆಯದರಲ್ಲಿ 30, ನಾಲ್ಕರಲ್ಲಿ 40, ಐದರಲ್ಲಿ 50, ಅದರ ಆಚೆಗೆ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಂಡಷ್ಟು. ಗೂಡಿನ ಒಂದು ಲಾಟಿನ ಮೇಲೆ ಹತ್ತಾರು ರೀಲರುಗಳ ಕಣ್ಣು ಬೀಳುತ್ತದೆ, ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು. ಶೆಡ್ಡಿನ ಕಾರಿನ ಮುಂದೆ ಒಬ್ಬ ಮಾರುವವಳು, ಒಬ್ಬ ಕೊಳ್ಳುವವನು. ಆಕೆಗೆ ಗಂಡನ ನೆನಪು ಒತ್ತುತ್ತದೆ, ಅವನಿಗೆ ತನ್ನ ಲಾಭ. ಹೀಗಿರುವಾಗ ಲೆಕ್ಕವನ್ನು ನಾವೇ, ಗಾಡಿಯ ಒಳಗಿನಿಂದಲೇ ಕಟ್ಟಬೇಕಾಗುತ್ತದೆ.

ಆ ಲೆಕ್ಕಕ್ಕೆ ನಾನು ಹಿಡಿದ ದಾರಿ ಇದು. ಗಾಡಿಯ ಭಾಗಗಳನ್ನು ಎರಡಾಗಿ ನೋಡಬೇಕು: ಓಟದಿಂದ ಸವೆಯುವವು, ಕಾಲದಿಂದ ಸಾಯುವವು. ಪಿಸ್ಟನ್ ರಿಂಗು, ಗೇರಿನ ಹಲ್ಲು, ಕ್ಲಚ್ಚು, ಬಾಗಿಲಿನ ಕೀಲು, ಡ್ರೈವರ್ ಸೀಟಿನ ಅಂಚು, ಸ್ಟಿಯರಿಂಗಿನ ಹಿಡಿ ಇವೆಲ್ಲ ಓಡಿದಷ್ಟೂ ಸವೆಯುತ್ತವೆ. ಟೈರು, ರೇಡಿಯೇಟರಿನ ಹೋಸು, ಬ್ರೇಕಿನ ರಬ್ಬರು, ಎಂಜಿನ್ ಕೂರುವ ಮೌಂಟಿಂಗು, ಆಯಿಲ್ ಸೀಲು, ಬ್ಯಾಟರಿ ಇವು ಮಾತ್ರ ಕೂತಲ್ಲೇ ಹಳತಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಟೈಮಿಂಗ್ ಬೆಲ್ಟಿಗೆ ಕಂಪನಿಗಳೇ ಎರಡು ಗಡುವು ಕೊಡುತ್ತವೆ, ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಈ ಎಂಜಿನ್ನಿನಲ್ಲಿ ಬೆಲ್ಟು ಕಡಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. 29,400 ಓಡಿದೆ, ಬೆಲ್ಟು ಹೊಸದೇ ಎಂದುಕೊಂಡು ಇಪ್ಪತ್ತು ವರ್ಷದ ಬೆಲ್ಟಿನ ಮೇಲೆ ಗಾಡಿ ಎಳೆದವನು ಮೊದಲ ದಿನವೇ ಎಂಜಿನ್ ಬಿಚ್ಚಿಸಬೇಕಾದೀತು. ಇನ್ನು ಟ್ಯಾಂಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, 2002ರ ರಬ್ಬರು ಪೈಪುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ತಿಂಗಳಿಗೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸುವುದರಿಂದಲೂ ಒಳ್ಳೆಯದಾಗುವುದಿಲ್ಲ. ಎಂಜಿನ್ ಪೂರಾ ಕಾಯುವ ಮೊದಲೇ ಆರಿಸಿದರೆ ಹೊಗೆಯ ನೀರು ಸೈಲೆನ್ಸರಿನಲ್ಲೇ ಉಳಿದು ಅದನ್ನು ತೂತು ಮಾಡುತ್ತದೆ. ಇಲಿಯ ಮಾತನ್ನು ಶೆಡ್ಡಿನಲ್ಲಿ ಗಾಡಿ ಇಟ್ಟವರಿಗೆ ಹೇಳಬೇಕಾಗಿಲ್ಲ.

ವಿಮೆಯ ನಿಯಮ ಬರೆದವರಿಗೂ ಇದು ಗೊತ್ತಿದೆ. ಅಪಘಾತದ ಕ್ಲೇಮಿನಲ್ಲಿ ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಪ್ರಕಾರ ಕಡಿತ, ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ನೇರವಾಗಿ ಶೇ. 50, ಗಾಜಿಗೆ ಕಡಿತವೇ ಇಲ್ಲ. ಒಂದೇ ಗಾಡಿಯೊಳಗೆ ಮೂರು ಬಗೆಯ ವಯಸ್ಸು ಇದೆ ಎಂದು ಒಪ್ಪಿದ ಹಾಗಾಯಿತು.

ಕಡಿಮೆ ಓಡಿದೆ ಎಂಬುದಕ್ಕೆ ಹೆಚ್ಚು ಕೊಡುವುದಿದ್ದರೆ ಮೊದಲ ಬಗೆಯ ಭಾಗಗಳಿಗಷ್ಟೇ ಕೊಡಬೇಕು. ಎರಡನೇ ಬಗೆಯವನ್ನು ಸೊನ್ನೆ ಎಂದು ಬರೆದುಕೊಂಡು, ಬದಲಾಯಿಸುವ ಖರ್ಚನ್ನು ಕಳೆಯಬೇಕು. ಶೆಡ್ಡಿನಲ್ಲಿ ಇಬ್ಬರೂ ತಪ್ಪಿದ್ದೇ ಇಲ್ಲಿ. ಆಕೆ ಇಡೀ ಗಾಡಿಯನ್ನು ಹೊಸದೆಂದು ಕಂಡಿದ್ದರು. ಬ್ರೋಕರಿಗೆ ಇಡೀ ಗಾಡಿ ಗುಜರಿಯ ಪಕ್ಕದ್ದಾಗಿ ಕಂಡಿತ್ತು.

ಮೀಟರನ್ನು ನಂಬುವುದು ಹೇಗೆ? ಮೀಟರು ಹಿಂದೆ ತಿರುಗಿಸುವುದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಪಾಪ. ಅಂಕಿಗಿಂತ ಸಾಕ್ಷಿ ಮುಖ್ಯ. ಸರ್ವಿಸ್ ಬುಕ್ಕಿನಲ್ಲಿ ದಿನಾಂಕದ ಜೊತೆ ಕಿಲೋಮೀಟರು ಏರುತ್ತ ಬಂದಿದೆಯೇ? ಬ್ರೇಕ್ ಪೆಡಲಿನ ರಬ್ಬರಿನ ಗೆರೆ ಉಳಿದಿದೆಯೇ? ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1402 ಎಂದಿದ್ದರೆ 2002ರ ಹದಿನಾಲ್ಕನೇ ವಾರ. ಈ ಗಾಡಿಯ ನಾಲ್ಕೂ ಟೈರು, ಜೊತೆಗೆ ಡಿಕ್ಕಿಯ ಸ್ಟೆಪ್ನಿ, ಕಾರ್ಖಾನೆಯಿಂದ ಬಂದಾಗ ಹಾಕಿದವೇ ಆಗಿದ್ದವು. ಗೆರೆಗಳು ಇನ್ನೂ ಆಳವಾಗಿದ್ದವು, ಬದಿಯೆಲ್ಲ ಬಿರುಕು. 29,400 ನಿಜ ಎಂದು ಹೇಳಿದ್ದು ಆ ಟೈರುಗಳೇ, ಮತ್ತೆ ಗಾಡಿ ರಸ್ತೆಗೆ ಇಳಿಯುವ ಮೊದಲು ಬಿಚ್ಚಿ ಎಸೆಯಬೇಕಾದದ್ದೂ ಅವನ್ನೇ. ಹಳೆಯ ಗಾಡಿಯಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ: ಬೆಲೆಯನ್ನು ಸಾಬೀತು ಮಾಡುವ ವಸ್ತುವಿಗೆ ಸ್ವಂತ ಬೆಲೆ ಇಲ್ಲ. ಆದ್ದರಿಂದ ಬಿಚ್ಚುವ ಮೊದಲು ಫೋಟೋ ತೆಗೆದಿಡಿ, ಬಿಲ್ಲು ಎತ್ತಿಡಿ. ಸಾಕ್ಷಿ ಕಳೆದುಕೊಂಡ 29,400 ಮುಂದಿನ ಕೊಳ್ಳುವವನ ಕಣ್ಣಿನಲ್ಲಿ ಬರಿಯ ಮಾತು.

ಕಾಗದದ ಖರ್ಚನ್ನು ಯಾರೂ ಮೊದಲು ಎಣಿಸುವುದಿಲ್ಲ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2017ರಲ್ಲಿ ಮಗ ಮಾಡಿಸಿದ್ದ, 2022ರಲ್ಲಿ ಯಾರಿಗೂ ನೆನಪಾಗಲಿಲ್ಲ. 2022ರ ಏಪ್ರಿಲ್‌ನಿಂದ ತಡವಾದ ಪ್ರತಿ ತಿಂಗಳಿಗೂ ಕಾರಿಗೆ 500 ರೂಪಾಯಿ. ಮೂರು ವರ್ಷಕ್ಕೆ 18,000. 2025ರ ಆಗಸ್ಟಿನ ಅಧಿಸೂಚನೆಯ ಪ್ರಕಾರ 20 ವರ್ಷ ದಾಟಿದ ಕಾರಿನ ನವೀಕರಣಕ್ಕೆ 10,000. ಬೇರೆ ತೆರಿಗೆ, ವಿಮೆ, ಹೊಗೆ ಪರೀಕ್ಷೆ ಬಿಟ್ಟು 28,000 ಆಯಿತು. ಐವತ್ತು ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಎಂಬ ಬೇರೆ ದಾರಿ ಇದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಇಪ್ಪತ್ತು, ಇಪ್ಪತ್ತೈದರ ಗಾಡಿ ಅತ್ತ ವಿಂಟೇಜೂ ಅಲ್ಲ, ಇತ್ತ ಹೊಸದೂ ಅಲ್ಲ. ಅದನ್ನು ಉಳಿಸಿಕೊಳ್ಳುವುದು ಕಷ್ಟವಾಗುವ ಕಾಲ ಇದು, ಬೆಲೆ ಸರಿಯಾಗಿ ಕಟ್ಟಬೇಕಾದ ಕಾಲವೂ ಇದೇ.

ಈ ವಾದಕ್ಕೆ ಒಂದು ಬಲವಾದ ಎದುರುವಾದ ಇದೆ, ಆಕೆಯ ಮಗನೇ ಅದನ್ನು ಮುಂದಿಟ್ಟ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬೈಯೋನ್ ಎಂಬ ಮನೆತನದ ಹಳೆಯ ಕಾರುಗಳು ಹರಾಜಾದವು. ಫ್ರಾನ್ಸಿನ ಹಳ್ಳಿಯೊಂದರ ಕೊಟ್ಟಿಗೆಗಳಲ್ಲಿ ದಶಕಗಟ್ಟಲೆ ಬಿದ್ದಿದ್ದವು, ಅರ್ಧಕ್ಕರ್ಧ ತುಕ್ಕು. ಅವುಗಳಲ್ಲಿ ಹಳೆಯ ಪತ್ರಿಕೆಗಳ ಕಟ್ಟಿನಡಿ ಸಿಕ್ಕ 1961ರ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಧೂಳಿನ ಸಮೇತ 1 ಕೋಟಿ 60 ಲಕ್ಷ ಯೂರೋಗೂ ಹೆಚ್ಚಿಗೆ ಹೋಯಿತು. ನಿಂತ ಗಾಡಿಗೆ ಬೆಲೆ ಇಲ್ಲ ಎಂದರೆ ಇದೇನು? ಪ್ರಶ್ನೆ ನ್ಯಾಯವಾದದ್ದು. ಆ ಬೆಲೆ ನಿಂತದ್ದಕ್ಕೆ ಬರಲಿಲ್ಲ ಎಂಬುದು ನನ್ನ ಉತ್ತರ. ಜಗತ್ತಿನಲ್ಲೇ ಕೆಲವೇ ಡಜನ್ ಇರುವ ಮಾದರಿ, ಚಿತ್ರನಟ ಅಲೆನ್ ಡೆಲಾನ್ ಓಡಿಸಿದ್ದು, ಯಾರೂ ಕೈಹಾಕಿ ಕೆಡಿಸಿರಲಿಲ್ಲ. ಸರಿಪಡಿಸುವ ಖರ್ಚು ಎಷ್ಟೇ ಆಗಲಿ ಆ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ನಮ್ಮ ವಿಟೆಕ್ ಸಾವಿರಗಟ್ಟಲೆ ತಯಾರಾದದ್ದು. ಅದಕ್ಕೆ ಒಂದು ಲಕ್ಷ ಖರ್ಚಾದರೆ ಅದು ಬೆಲೆಯ ದೊಡ್ಡ ಪಾಲು. ಅಪರೂಪವಾಗಿ ಕಾಣಿಸುವುದು ಬೇರೆ, ಮತ್ತೆ ಸಿಗದೇ ಇರುವುದು ಬೇರೆ. ಆ ಹುಡುಗನ ಮಾತಿನಲ್ಲೂ ಒಂದು ಸತ್ಯ ಇತ್ತು, ಅದನ್ನು ನಾನು ಒಪ್ಪಿದೆ: ಒಳಗಿನ ಸೀಟಿನ ಬಟ್ಟೆ, ಡ್ಯಾಶ್‌ಬೋರ್ಡು, ಕಾರ್ಖಾನೆಯ ಮೂಲ ಬಣ್ಣ ಇವನ್ನು ಇನ್ನು ಎಷ್ಟು ದುಡ್ಡು ಕೊಟ್ಟರೂ ತರಲಾಗುವುದಿಲ್ಲ. ಅವುಗಳಿಗೆ ಕೊಡಬೇಕಾದ್ದನ್ನು ಕೊಡಲೇಬೇಕು.

ಈ ನಿಂತ ಗಾಡಿಯ ಎದುರಿಗೆ ಬಿಡದಿಯನ್ನು ಇಟ್ಟು ನೋಡಿ. ಅಲ್ಲಿನ ಟೊಯೋಟಾ ಕಾರ್ಖಾನೆಯ ಮೊದಲ ಗಾಡಿ 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್. 2005ರ ಹೊತ್ತಿಗೆ ಅದರ ಜಾಗಕ್ಕೆ ಇನ್ನೋವಾ ಬಂತು. ಆದರೂ ಕನಕಪುರ, ಮಾಗಡಿಯ ಕಡೆ ಮೂರು ಲಕ್ಷ ಓಡಿದ ಕ್ವಾಲಿಸ್ ಮಾರಾಟಕ್ಕಿದೆ ಎಂದರೆ ಕೇಳಿಕೊಂಡು ಬರುವವರಿದ್ದಾರೆ, ಮೀಟರು ನೋಡಿ ಯಾರೂ ಬೆಚ್ಚುವುದಿಲ್ಲ. ಎಂಜಿನ್ ಎಷ್ಟು ತಾಳುತ್ತದೆ ಎಂದು ಎಲ್ಲರಿಗೂ ಗೊತ್ತು, ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಪ್ರತಿ ಊರಿನಲ್ಲಿ ಇದ್ದಾನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೂ ಯೆಜ್ಡಿ ರೋಡ್‌ಕಿಂಗ್ ಇಂದಿಗೂ ರಸ್ತೆಯಲ್ಲಿದೆ. ಓಡಿಸುವವರು ಉಳಿದದ್ದರಿಂದ ಬಿಡಿಭಾಗ ಮಾಡುವವರೂ ಉಳಿದರು. ಕಲಿತ ಕೈ ಮತ್ತು ಸಿಗುವ ಬಿಡಿಭಾಗ, ಇವೆರಡೂ ಗಾಡಿಯ ಬೆಲೆಯ ಒಳಗೇ ಇವೆ. ಗಾಡಿಯನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟರೂ ಅವು ಶೆಡ್ಡಿನಲ್ಲಿ ಹುಟ್ಟುವುದಿಲ್ಲ.

ಈಗ ಲೆಕ್ಕ. ಇವು ಮಾರುಕಟ್ಟೆಯ ರೇಟುಗಳಲ್ಲ, ದಾರಿ ತೋರಿಸಲು ಹಿಡಿದ ಅಂಕಿಗಳು. ಇದೇ ಮಾದರಿ, ಇದೇ ವರ್ಷ, 1,20,000 ಓಡಿದ್ದು, ಕಾಲಕಾಲಕ್ಕೆ ಎಲ್ಲ ಕೆಲಸ ಮಾಡಿಸಿ ದಿನವೂ ಓಡುತ್ತಿರುವ ಗಾಡಿ ಮೂರು ಲಕ್ಷಕ್ಕೆ ಕೈ ಬದಲಾಯಿತು ಎನ್ನೋಣ. ಶೆಡ್ಡಿನ ಗಾಡಿಗೆ ಟೈರು, ಬೆಲ್ಟು, ಹೋಸು, ಬ್ರೇಕು, ಟ್ಯಾಂಕು, ಬ್ಯಾಟರಿ, ಎಸಿಯ ಸೀಲು ಎಲ್ಲ ಸೇರಿ 90,000. ಕಾಗದಕ್ಕೆ 28,000. ಉಳಿದದ್ದು 1,82,000. ಇನ್ನು ಕೂಡುವುದು. ಓಡುವ ಗಾಡಿಯ ಮಾಲೀಕ ಕ್ಲಚ್ಚು, ಗೇರು, ಸಸ್ಪೆನ್ಶನ್, ಸೀಟಿಗೆಂದು ಈಗಾಗಲೇ ಮಾಡಿದ ಅಥವಾ ಇನ್ನು ಮಾಡಲಿರುವ ಖರ್ಚು ಈ ಗಾಡಿಗೆ ಬೀಳುವುದಿಲ್ಲ. ಅದಕ್ಕೆ, ಮೂಲ ಬಣ್ಣಕ್ಕೆ, ಒಬ್ಬರೇ ಮಾಲೀಕರಾಗಿದ್ದಕ್ಕೆ ಸೇರಿ 70,000 ಕೂಡಿಸೋಣ. 2,52,000. ಕಡಿಮೆ ಓಡಿದ ಗಾಡಿ ಹೆಚ್ಚು ಓಡಿದ ಗಾಡಿಗಿಂತ ಕಡಿಮೆ ಬೆಲೆಗೆ ಬಂತು. ಈ ಫಲ ನನಗೂ ಮೊದಲು ಹಿಡಿಸಲಿಲ್ಲ, ಮತ್ತೆ ಮತ್ತೆ ಕೂಡಿ ಕಳೆದು ನೋಡಿದೆ. ಅಂಕಿಗಳು ಬದಲಾಗಬಹುದು, ಇನ್ನೊಂದು ಗಾಡಿಗೆ ಕೂಡುವ ಭಾಗವೇ ದೊಡ್ಡದಾಗಬಹುದು. ಆದರೆ ಕಳೆಯುವುದನ್ನು ಬಿಟ್ಟು ಕೂಡುವುದನ್ನಷ್ಟೇ ಮಾಡಿದರೆ ಲೆಕ್ಕವಾಗುವುದಿಲ್ಲ.

ನೆರೆಮನೆಯ ವಯಸ್ಸಾದ ರೀಲರ್ ಭಾಯಿ ಈ ಮಾತುಕತೆಯ ಹೊತ್ತಿಗೆ ಅಲ್ಲೇ ಕೂತಿದ್ದರು. "ಅಮ್ಮಾ, ಚಿಟ್ಟೆ ಹೊರಗೆ ಬರೋಕ್ ಮುಂಚೆ ಗೂಡು ಕೊಟ್ಬಿಡಬೇಕು. ನಾಳೆ ರೇಟು ಬರುತ್ತೆ ಅಂತ ಇಟ್ಕೊಂಡ್ರೆ ತೂತಾದ ಗೂಡು ಉಳಿಯೋದು" ಎಂದರು. ಹುಳ ಗೂಡು ಕಟ್ಟಿ ಮುಗಿಸಿದ ಮೇಲೆ ರೈತನ ಕೈಯಲ್ಲಿ ಇರುವುದು ಕೆಲವೇ ದಿನ. ಗಾಡಿಯ ಚಿಟ್ಟೆ ನಿಧಾನಕ್ಕೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಕಡಿಮೆ ಬೆಲೆ ಹೇಳಿ ವಿಧವೆಯ ಕೈಯಿಂದ ಗಾಡಿ ಕಿತ್ತುಕೊಳ್ಳುವುದು ಅನ್ಯಾಯ ಎಂದು ಎಲ್ಲರೂ ಒಪ್ಪುತ್ತಾರೆ. ಹೆಚ್ಚು ಬೆಲೆ ಹೇಳುವುದು ಗಾಡಿಗೆ ಮಾಡುವ ಅನ್ಯಾಯ ಎಂದು ನಾನು ಸೇರಿಸುತ್ತೇನೆ. ಐದು ಲಕ್ಷ ಕೊಡುವವನಿಗಾಗಿ ಇನ್ನೂ ಐದು ವರ್ಷ ಕಾದರೆ, ಕಳೆಯುವ ಪಟ್ಟಿ ಬೆಳೆಯುತ್ತ ಹೋಗಿ ಒಂದು ದಿನ ಬ್ರೋಕರಿನ ತೊಂಬತ್ತು ಸಾವಿರವೇ ನಿಜವಾಗಿಬಿಡುತ್ತದೆ. ಅಂಕಿ ನೋಡಿಯೇ ಹೆಚ್ಚು ದುಡ್ಡು ಕೊಟ್ಟು ಕೊಂಡವನೂ ಅದೇ ಇಕ್ಕಟ್ಟಿಗೆ ಬೀಳುತ್ತಾನೆ. ಓಡಿಸಿದ ಪ್ರತಿ ಕಿಲೋಮೀಟರಿನಲ್ಲೂ ಕೊಟ್ಟ ದುಡ್ಡು ಕರಗುತ್ತದೆ ಎಂದು ಹೆದರಿ ನಿಲ್ಲಿಸುತ್ತಾನೆ, ನಿಲ್ಲಿಸಿದರೆ ರಬ್ಬರು ಸಾಯುತ್ತದೆ. 106 ಎಚ್‌ಪಿಗೆಂದು ಹುಟ್ಟಿದ ಗಾಡಿ ಎರಡನೇ ಶೆಡ್ಡಿಗೆ ಹೋಗುತ್ತದೆ.

ಟೈರು, ಬೆಲ್ಟು, ಬ್ರೇಕು ಹೊಸದಾಗಿ, ಕಾಗದ ಸರಿಹೋದ ಮೇಲೆ ಓಡಿಸಿ ನೋಡಿಯೇ ಕೊನೆಯ ಬೆಲೆ ಹೇಳಬೇಕು. ಅದಕ್ಕೆ ನಮ್ಮ ಜಿಲ್ಲೆಯ ರಸ್ತೆಗಳಿಗಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. 2023ರಲ್ಲಿ ತೆರೆದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮಿತಿಯೊಳಗಿನ ನೇರ ಓಟದಲ್ಲಿ ಸ್ಟಿಯರಿಂಗ್ ನಡುಗುತ್ತದೆಯೇ ಎಂದು ತಿಳಿಯುತ್ತದೆ. ಚನ್ನಪಟ್ಟಣದ ಪೇಟೆಯೊಳಗೆ ಮಧ್ಯಾಹ್ನದ ಬಿಸಿಲಲ್ಲಿ ಇಪ್ಪತ್ತು ನಿಮಿಷ ತೆವಳಿದರೆ ರೇಡಿಯೇಟರಿನ ಫ್ಯಾನು ತನ್ನ ಬಣ್ಣ ತೋರಿಸುತ್ತದೆ. ಕನಕಪುರ ದಾಟಿ ಸಂಗಮದ ಕಡೆ ಇಳಿಯುವ ತಿರುವುಗಳಲ್ಲಿ ಬ್ರೇಕು ಒಂದೇ ಕಡೆ ಎಳೆದರೆ ಕೈಗೆ ಗೊತ್ತಾಗುತ್ತದೆ. ಸಾವನದುರ್ಗದ ಪಕ್ಕದ ಮಾಗಡಿಯ ರಸ್ತೆಯಲ್ಲಿ ಏರುವಾಗ, ಎಂಜಿನ್ ಆ ಎತ್ತರದ ಸದ್ದಿಗೆ ಹೋದಾಗ ಹಿಂದೆ ನೀಲಿ ಹೊಗೆ ಬರುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಬೇಕು.

ಗಾಡಿ ಕೊಂಡದ್ದು ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ. ಎಷ್ಟಕ್ಕೆ ಎಂಬುದು ಆಕೆ ಮತ್ತು ಅವನ ನಡುವಿನ ಮಾತು. ಐದಕ್ಕಲ್ಲ, ತೊಂಬತ್ತು ಸಾವಿರಕ್ಕೂ ಅಲ್ಲ. ಕೆಲಸವೆಲ್ಲ ಮುಗಿದು ಗಾಡಿ ಹೊರಡುವ ದಿನ ಆಕೆ ಬಿಚ್ಚಿಟ್ಟಿದ್ದ ಬಿರುಕು ಟೈರುಗಳನ್ನು ಗುಜರಿಯವನಿಗೆ ಕೊಡಲು ಹೊರಗೆ ಇರಿಸಿದ್ದರು. ಹುಡುಗ ಅವುಗಳಲ್ಲಿ ಸ್ಟೆಪ್ನಿಯ ಟೈರನ್ನು ಮಾತ್ರ ಎತ್ತಿ ಡಿಕ್ಕಿಗೆ ಹಾಕಿಕೊಂಡ. ಯಜಮಾನರು ಪ್ಲಾಸ್ಟಿಕ್ ಕವರಿನಲ್ಲಿ ವರ್ಷವಾರು ಜೋಡಿಸಿಟ್ಟಿದ್ದ ಸರ್ವಿಸ್ ಬಿಲ್ಲುಗಳನ್ನು ಆಕೆ ಒಳಗಿನಿಂದ ತಂದು ಅವನ ಕೈಗೆ ಕೊಟ್ಟರು. "ಇದನ್ನ ಕಳೀಬೇಡಪ್ಪ" ಎಂದರು. ಅವನು ಕವರನ್ನು ಆರ್‌ಸಿಯ ಜೊತೆ ಡ್ಯಾಶ್‌ಬೋರ್ಡಿನೊಳಗೆ ಇಟ್ಟು, ಗಾಜು ಇಳಿಸಿಕೊಂಡು ಮಾಗಡಿಯ ರಸ್ತೆ ಹಿಡಿದ.